ಮದ್ರಸದ ಹಿಂದಿನ ಬೆಂಚಿನ ಲೂಟಿ ಹುಡುಗ

ಕಳೆದ ಮಳೆಗಾಲದಲ್ಲಿ ಒಂದು ಮರಣದ ಮನೆಗೆ ಹೋಗಿದ್ದೆ. ಹದಿನೈದು ವರ್ಷದ ಹಿಂದೆ ನಾನು ಮುಅಲ್ಲಿಮ್ ಆಗಿದ್ದ ಊರು ಅದು. ಮಯ್ಯಿತ್ ಇನ್ನೂ ಒಳಗಿತ್ತು. ಚಾವಡಿಯಲ್ಲಿ ಎಲ್ಲರೂ ಸಾಲಾಗಿ ಕೂತು ಯಾಸೀನ್ ಓದುತ್ತಿದ್ದರು. ನನ್ನ ಬದಿಯಲ್ಲಿ ಬಂದು ಕೂತವನು ತೀರಿಹೋದವರ ಮಗ. ಇಪ್ಪತ್ತಮೂರರ ಯುವಕ, ಬೆವರಿದ ಕೈಯಲ್ಲಿ ಯಾಸೀನ್ ಕಿತಾಬು ಹಿಡಿದಿದ್ದ. ನಾನು ಪುಟ ಮಗುಚಿದ ಮೇಲೆ ಅವನೂ ಮಗುಚುತ್ತಿದ್ದ. ತುಟಿ ಅಲ್ಲಾಡುತ್ತಿತ್ತು, ಸ್ವರ ಇರಲಿಲ್ಲ. ಒಮ್ಮೆ ಎರಡು ಪುಟ ಒಟ್ಟಿಗೆ ಮಗುಚಿ ಹೋಯಿತು, ಅವನಿಗೆ ಅದು ತಿಳಿಯಲೇ ಇಲ್ಲ.

ದಫನ್ ಮುಗಿಸಿ ಹಿಂದಿರುಗುವಾಗ ಅವನೇ ಹೇಳಿದ: "ನನಗೆ ಓದ್ಲಿಕ್ಕೆ ಬರುವುದಿಲ್ಲ ಉಸ್ತಾದೇ. ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಮೂರನೇ ತರಗತಿಯಲ್ಲಿ ಅವನಿಗೆ ಬೆತ್ತ ಬೀಸಿದವನು ನಾನು. ಹೊರಗೆ ನಿಲ್ಲಿಸಿದವನೂ ನಾನೇ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದದ್ದು ಕೂಡ ಈ ಕೈಯೇ. ಆಗ ನನಗೆ ಸಮಾಧಾನವಾಗಿತ್ತು, ಸುಳ್ಳು ಹೇಳುವುದಿಲ್ಲ. ಮೂವತ್ತೆಂಟು ಮಕ್ಕಳ ಕ್ಲಾಸಿನಲ್ಲಿ ಒಬ್ಬ ಲೂಟಿ ಹುಡುಗ ಕಡಿಮೆಯಾದ ಅಂತ.

ಅವನು ಎಂಥ ಹುಡುಗ ಎಂದು ಹೇಳಿದರೆ ಓದುಗರಲ್ಲಿ ಅನೇಕರಿಗೆ ಅವರವರ ಮನೆಯ ಒಬ್ಬರು ನೆನಪಾಗಬಹುದು. ಬೆಂಚಿನಲ್ಲಿ ಕೂತರೆ ಐದು ನಿಮಿಷದಲ್ಲಿ ಬೆಂಚಿನ ಕೆಳಗೆ ಇರುತ್ತಿದ್ದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಿದ್ದ, ಅರ್ಧ ಸಲ ಉತ್ತರ ಸರಿಯಾಗಿಯೇ ಇರುತ್ತಿತ್ತು. ಪೆನ್ಸಿಲ್ ದಿನಕ್ಕೊಂದು ಕಳೆಯುತ್ತಿದ್ದ. ವುಝೂಗೆ ಕಳಿಸಿದರೆ ಹೌಳಿನ ಮೀನು ನೋಡುತ್ತಾ ನಿಲ್ಲುತ್ತಿದ್ದ, ಹುಡುಕಿಕೊಂಡು ಹೋಗಬೇಕಿತ್ತು. ನಿನ್ನೆ ಚೆಂದವಾಗಿ ಒಪ್ಪಿಸಿದ ಸೂರಃ ಇವತ್ತು ಮೊದಲ ಆಯತಿನಿಂದಲೇ ಮಾಯ. "ನಿನ್ನೆ ಬಂದದ್ದು ಇವತ್ತು ಯಾಕೆ ಬರುವುದಿಲ್ಲ? ಸೊಕ್ಕು!" ಎಂಬುದು ನನ್ನ ತೀರ್ಮಾನ. ಪೆಟ್ಟು ಬಿದ್ದಾಗ ಅಳುತ್ತಿದ್ದ. ಹತ್ತು ನಿಮಿಷ ಕಳೆದರೆ ಮತ್ತೆ ಅದೇ ಕತೆ. ಪೆಟ್ಟಿಗೆ ಹೆದರುವ ಹುಡುಗ ಅದೇ ತಪ್ಪನ್ನು ಮತ್ತೆ ಮತ್ತೆ ಯಾಕೆ ಮಾಡುತ್ತಾನೆ ಎಂಬ ಪ್ರಶ್ನೆ ನನಗೆ ಬರಬೇಕಿತ್ತು. ಬರಲಿಲ್ಲ.

ಆ ಪ್ರಶ್ನೆ ಬಂದದ್ದು ಎಷ್ಟೋ ವರ್ಷದ ನಂತರ, ನನ್ನ ತಂಗಿಯ ಮಗನ ವಿಷಯದಲ್ಲಿ. ಶಾಲೆಯಿಂದ ದಿನಾ ದೂರು. ಭಾವ ಗಲ್ಫಿನಲ್ಲಿ, ತಂಗಿ ಒಬ್ಬಳೇ. ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಹುಡುಗನನ್ನು ನೋಡಿ, ತಂಗಿಯ ಹತ್ತಿರ ತುಂಬ ಹೊತ್ತು ಮಾತಾಡಿ, ಕೊನೆಗೆ ಟೀಚರ್ ತುಂಬಿಸಿಕೊಡಬೇಕಾದ ಒಂದು ಫಾರಂ ಕೊಟ್ಟರು. "ಮದ್ರಸಕ್ಕೂ ಹೋಗ್ತಾನಲ್ಲ, ಅಲ್ಲಿಂದಲೂ ಒಂದು ಬೇಕು" ಎಂದರು. ಅವನ ಉಸ್ತಾದ್ ನಾನೇ ಆದ್ದರಿಂದ ಆ ರಾತ್ರಿ ಕೂತು ತುಂಬಿಸಿದೆ. ನೇರವಾಗಿ ಮಾತಾಡಿದರೂ ಕೇಳಿಸದ ಹಾಗೆ ಇರುತ್ತಾನೆಯೇ? ಬೇಕಾದ ವಸ್ತುಗಳನ್ನು ಕಳೆದುಕೊಳ್ಳುತ್ತಾನೆಯೇ? ಕೂರಬೇಕಾದ ಕಡೆ ಎದ್ದು ಹೋಗುತ್ತಾನೆಯೇ? ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆಯೇ? ಸರದಿ ಕಾಯಲು ಆಗುವುದಿಲ್ಲವೇ? ನಾನು ಗುರುತು ಹಾಕುತ್ತಿದ್ದದ್ದು ತಂಗಿಯ ಮಗನಿಗೆ. ಕಣ್ಣ ಮುಂದೆ ಬರುತ್ತಿದ್ದದ್ದು ಕೆಂಪು ಗೆರೆಯ ಹುಡುಗ.

ಆ ಫಾರಂ ಎಡಿಎಚ್‌ಡಿಯದ್ದು. ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಯೋಚಿಸುವ ಮೊದಲೇ ಮಾಡಿಬಿಡುವುದು, ಇವು ಸೇರಿದ ತೊಂದರೆ. ಇದು ಸಾಕಿದ್ದು ಸರಿಯಿಲ್ಲದೆ ಬರುವುದಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಹೆಚ್ಚಾಗಿ ವಂಶದಲ್ಲಿ ಬರುತ್ತದೆ. ಫಾರಂ ತುಂಬಿಸುತ್ತಾ ಕೆಲವು ಅಪ್ಪಂದಿರು "ನಾನೂ ಸಣ್ಣದಿರುವಾಗ ಹೀಗೆಯೇ ಇದ್ದೆ ಡಾಕ್ಟರೇ" ಎನ್ನುವುದುಂಟಂತೆ. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು ಐದು ಮಂದಿಗೆ ಇದು ಇದೆ ಎಂಬುದು ತಜ್ಞರ ಅಂದಾಜು. ಅಂದರೆ ನನ್ನ ಮೂವತ್ತೆಂಟರ ಕ್ಲಾಸಿನಲ್ಲಿ ಒಬ್ಬಿಬ್ಬರು ಇರಲೇಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಲಿಸಿದ್ದೇನೆ. ಲೆಕ್ಕ ಹಾಕಲು ಹೆದರಿಕೆಯಾಗುತ್ತದೆ.

ಕೇಳಿದ ಕೂಡಲೇ ತಾಯಂದಿರು ಹೇಳುವ ಮಾತೊಂದುಂಟು. "ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ ಉಸ್ತಾದೇ, ಗಮನ ಇಲ್ಲ ಅಂತ ಹೇಗೆ ಹೇಳುವುದು?" ನಾನೂ ಡಾಕ್ಟರ ಹತ್ತಿರ ಇದನ್ನೇ ಕೇಳಿದ್ದೆ. ಮೊಬೈಲ್ ಆಟ ಕ್ಷಣಕ್ಕೊಂದು ಹೊಸತು ತೋರಿಸುತ್ತದೆ, ಕ್ಷಣಕ್ಕೊಂದು ಬಹುಮಾನ ಕೊಡುತ್ತದೆ, ಗಮನವನ್ನು ಅದೇ ಎಳೆದು ಹಿಡಿಯುತ್ತದೆ. ಪಾಠದಲ್ಲಿ ಮಗುವೇ ಗಮನವನ್ನು ಹಿಡಿದು ನಿಲ್ಲಿಸಬೇಕು. ಇವರಿಗೆ ಕಷ್ಟ ಇರುವುದು ಅಲ್ಲಿ. ಕಾರಿನ ಇಂಜಿನ್ ಜೋರಾಗಿದ್ದು ಬ್ರೇಕೂ ಸ್ಟೇರಿಂಗೂ ಸಡಿಲ ಇದ್ದ ಹಾಗೆ ಎಂದು ನಾನು ಈಗ ಪೋಷಕರ ಸಭೆಯಲ್ಲಿ ಹೇಳುವುದುಂಟು.

ಎಲ್ಲರೂ ಓಡಾಡುವ ಮಕ್ಕಳೇ ಆಗಿರುವುದಿಲ್ಲ. ಕೆಲವರು ಸುಮ್ಮನೆ ಕೂತಿರುತ್ತಾರೆ, ಕಣ್ಣು ಕಿಟಕಿಯಾಚೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಹಾಗಾಗಿ ಅವರ ತೊಂದರೆ ಯಾರಿಗೂ ಕಾಣುವುದಿಲ್ಲ. ಮಫ್ತ ಸರಿಯಾಗಿ ಕಟ್ಟಿಕೊಂಡು, ಗಲಾಟೆ ಮಾಡದೆ, ಏನೂ ಕಲಿಯದೆ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಯವರೆಗೆ ಬಂದುಬಿಡುತ್ತಾರೆ. "ಪಾಪದ ಮಗು, ಸ್ವಲ್ಪ ಮಂದ" ಎಂದು ಒಂದು ಮುದ್ರೆ ಒತ್ತಿ ನಾವು ಮುಂದೆ ಕಳಿಸುತ್ತೇವೆ.

ಇಷ್ಟು ಓದಿ ಯಾರೂ ಲೂಟಿ ಮಾಡುವ ಮಕ್ಕಳಿಗೆಲ್ಲ ಈ ಹೆಸರು ಇಡಬೇಡಿ. ನಾನು ಉಸ್ತಾದ್, ಡಾಕ್ಟರ್ ಅಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಮಗುವಿನ ಕಲಿಕೆಗೋ ಬದುಕಿಗೋ ತೊಡಕಾಗಬೇಕು. ರಾತ್ರಿ ಹನ್ನೆರಡರವರೆಗೆ ಮದುವೆ ಮನೆಯಲ್ಲಿದ್ದ ಮಗು ಬೆಳಿಗ್ಗೆ ಆರೂವರೆಗೆ ಮದ್ರಸದಲ್ಲಿ ಹುಚ್ಚನ ಹಾಗೆ ಆಡಿದರೆ ಅದು ನಿದ್ದೆಯ ಕತೆ. ಕಿವಿ ಸರಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ. ಮನೆಯಲ್ಲಿ ಜಗಳ ನೋಡಿ ಬಂದ ಮಗುವಿಗೂ ಪಾಠ ತಲೆಗೆ ಹೋಗುವುದಿಲ್ಲ. ಅದನ್ನೆಲ್ಲ ಬೇರೆ ಬೇರೆ ಮಾಡಿ ನೋಡಲಿಕ್ಕೇ ಡಾಕ್ಟರ್ ಇರುವುದು.

ಈಗ ಮದ್ರಸದ ಕಡೆ ಬರುತ್ತೇನೆ. ಇಂಥ ಮಗುವಿಗೆ ಅತಿ ಕಷ್ಟದ ಜಾಗ ಯಾವುದು ಎಂದು ಕೇಳಿದರೆ ನಮ್ಮ ಬೆಳಗಿನ ಮದ್ರಸವೇ ಎಂದು ನಾನು ಹೇಳುತ್ತೇನೆ. ಅರ್ಧ ನಿದ್ದೆ, ಖಾಲಿ ಚಹಾ ಕುಡಿದ ಹೊಟ್ಟೆ. ಒಂದೇ ಹಾಲಿನಲ್ಲಿ ಎರಡು ಮೂರು ತರಗತಿ, ಆಚೆ ಬದಿಯಲ್ಲಿ ಒಂದನೆಯವರು ಅಲಿಫ್ ಬಾ ತಾ ಕೂಗುತ್ತಾರೆ, ಈಚೆ ಬದಿಯಲ್ಲಿ ನಾವು ಫಿಕ್ಹ್ ಹೇಳುತ್ತೇವೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್, ಇಲ್ಲಿ ಅರಬಿ ಲಿಪಿ. ಕಣ್ಣು ಗಡಿಯಾರದ ಮೇಲೆ, ಯಾಕೆಂದರೆ ಶಾಲೆಯ ಬಸ್ ಕಾಯುವುದಿಲ್ಲ. ಗಮನ ಸರಿಯಿರುವ ಮಗುವೇ ಇಲ್ಲಿ ತಡಬಡಿಸುತ್ತದೆ.

ಹಳೆಯ ಓತುಪಳ್ಳಿಯ ಬಗ್ಗೆ ನಾವು ತಮಾಷೆ ಮಾಡುತ್ತೇವೆ, ಮೊಯಿಲಾರರ ಬೆತ್ತದ ಕತೆ ಹೇಳಿ ನಗುತ್ತೇವೆ. ಬೆತ್ತ ಇತ್ತು, ನಿಜ. ಆದರೆ ಅಲ್ಲಿ ಒಂದು ಒಳ್ಳೆಯದೂ ಇತ್ತು. ಒಬ್ಬೊಬ್ಬನೇ ಪಲಗೆ ಹಿಡಿದು ಮುಂದೆ ಬಂದು ತನ್ನ ಪಾಠ ಒಪ್ಪಿಸುತ್ತಿದ್ದ. ಒಬ್ಬನದು ಅಲಿಫ್, ಇನ್ನೊಬ್ಬನದು ಅಮ್ಮ ಜುಝ್. ಅವನವನ ವೇಗದಲ್ಲಿ ಅವನವನ ಪಾಠ. ಮಕ್ಕಳು ಮೈ ತೂಗುತ್ತಾ, ಗಟ್ಟಿಯಾಗಿ ಓದುತ್ತಿದ್ದರು. ತೂಗಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ತರಗತಿ, ಪಠ್ಯಪುಸ್ತಕ, ಪರೀಕ್ಷೆ ಎಂಬ ಕ್ರಮ ನಮ್ಮಲ್ಲಿಗೆ ಬಂದದ್ದು 1951ರಲ್ಲಿ ಸಮಸ್ತದ ವಿದ್ಯಾಭ್ಯಾಸ ಬೋರ್ಡ್ ಆದ ನಂತರ. ಅದರಿಂದ ಆದ ಉಪಕಾರ ದೊಡ್ಡದು, ನಾನೇ ಅದರ ಫಲ. ಆದರೆ ಎಲ್ಲರೂ ಒಂದೇ ಪುಟದಲ್ಲಿ ಇರಬೇಕು ಎಂದಾಗ ಹಿಂದೆ ಬಿದ್ದವನು ಕಣ್ಣಿಗೆ ಕುತ್ತುತ್ತಾನೆ.

ಬೆತ್ತದ ವಿಷಯಕ್ಕೆ ಬಂದರೆ ನಮ್ಮವರಲ್ಲಿ ಹಲವರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತುಂಟು. ಹತ್ತು ವರ್ಷಕ್ಕೆ ನಮಾಝಿನ ವಿಷಯದಲ್ಲಿ ಶಿಸ್ತು ಮಾಡಲು ಹೇಳಿದ ಹದೀಸನ್ನು ಮುಂದಿಡುತ್ತಾರೆ. ಅದು ನಮಾಝಿನ ಮಾತು. ಅದಕ್ಕೂ ಮೊದಲು ಏಳರಿಂದ ಹತ್ತರವರೆಗೆ ಮೂರು ವರ್ಷ ಮೆಲ್ಲಗೆ ಅಭ್ಯಾಸ ಮಾಡಿಸುವ ಕೆಲಸ ಉಂಟು, ಅದನ್ನು ನಾವು ಹೇಳುವುದೇ ಇಲ್ಲ. ಪೆನ್ಸಿಲ್ ಕಳೆದ ಎಂಟು ವರ್ಷದ ಮಗುವಿಗೆ ಹೊಡೆಯಲು ಆ ಹದೀಸಿನಲ್ಲಿ ಜಾಗ ಎಲ್ಲಿದೆ?

ಅನಸ್ (ರ) ಅವರ ಒಂದು ಹದೀಸ್ ನಾವೆಲ್ಲ ಕಿತಾಬಿನಲ್ಲಿ ಓದಿದವರೇ. ಸಣ್ಣ ಹುಡುಗನಾಗಿದ್ದಾಗ ಪ್ರವಾದಿ (ಸ) ಅವರನ್ನು ಒಂದು ಕೆಲಸಕ್ಕೆ ಕಳಿಸುತ್ತಾರೆ. ದಾರಿಯಲ್ಲಿ ಪೇಟೆಯ ಬದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಇವರು ಅಲ್ಲೇ ನಿಂತುಬಿಡುತ್ತಾರೆ. ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದ ಹಾಗಾಗುತ್ತದೆ. ತಿರುಗಿದರೆ ಪ್ರವಾದಿಯವರು, ನಗುತ್ತಿದ್ದಾರೆ. ಹೆಸರನ್ನು ಮುದ್ದಾಗಿ ಕಿರಿದು ಮಾಡಿ ಕರೆದು, ಹೇಳಿದ ಕಡೆ ಹೋದೆಯಾ ಎಂದು ಕೇಳುತ್ತಾರೆ. ಈಗ ಹೋಗುತ್ತೇನೆ ಎನ್ನುತ್ತಾರೆ ಅನಸ್. ಅಷ್ಟೇ. ಅನಸ್ (ರ) ಅವರಿಗೆ ಎಡಿಎಚ್‌ಡಿ ಇತ್ತು ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಕೆಲಸ ಮರೆತು ನಿಂತ ಮಗುವಿನ ಹತ್ತಿರ ಹೇಗೆ ಹೋಗಬೇಕು ಎಂಬುದನ್ನು ನೋಡಿ. ದೂರದಿಂದ ಕೂಗಲಿಲ್ಲ. ಹತ್ತಿರ ಹೋಗಿ, ಮೈಮುಟ್ಟಿ, ನಗುತ್ತಾ, ಒಂದೇ ಒಂದು ಪ್ರಶ್ನೆ. ಇಂಥ ಮಕ್ಕಳ ಟೀಚರುಗಳಿಗೆ ತರಬೇತಿಯಲ್ಲಿ ಇವತ್ತು ಹೇಳಿಕೊಡುವುದೂ ಹತ್ತಿರಹತ್ತಿರ ಇದನ್ನೇ. ನಾನು ಈ ಹದೀಸನ್ನು ಎಷ್ಟೋ ವಅಳ್‌ನಲ್ಲಿ ಹೇಳಿ, ಮರುದಿನ ಬೆಳಿಗ್ಗೆ ಬೆತ್ತ ಹಿಡಿದವನು.

ಆರು ಶತಮಾನಕ್ಕೂ ಹಿಂದೆ ಇಬ್ನು ಖಲ್ದೂನ್ ತಮ್ಮ ಮುಖದ್ದಿಮದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದಾರೆ. ಕಠಿಣ ಶಿಕ್ಷೆಯಲ್ಲಿ ಬೆಳೆದ ಮಗು ಹೆದರಿಕೆಯಿಂದ ಸುಳ್ಳು, ಕಪಟ ಕಲಿಯುತ್ತದೆ, ಉತ್ಸಾಹ ಕಳೆದುಕೊಳ್ಳುತ್ತದೆ ಎಂಬುದು ಅವರ ಮಾತಿನ ಸಾರ. ಮರಣದ ಮನೆಯಲ್ಲಿ ಓದಿದ ಹಾಗೆ ತುಟಿ ಅಲ್ಲಾಡಿಸಿದ ಯುವಕ ಆ ಉಪಾಯವನ್ನು ಎಲ್ಲಿ ಕಲಿತ? ನನ್ನ ಕ್ಲಾಸಿನಲ್ಲಿಯೇ.

ಕಾನೂನಿನ ಮಾತೂ ಇರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. 2012ರ ತಿದ್ದುಪಡಿಯಲ್ಲಿ ಮದ್ರಸ, ವೇದ ಪಾಠಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ಇದನ್ನು ಕೆಲವರು ಬೆತ್ತಕ್ಕೆ ಸಿಕ್ಕ ಪರವಾನಗಿ ಎಂಬ ಹಾಗೆ ಮಾತಾಡುತ್ತಾರೆ. ಮಕ್ಕಳ ಮೇಲಿನ ಕ್ರೌರ್ಯಕ್ಕೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಶಿಕ್ಷೆ ಉಂಟು, ಅದು ಮಗುವಿನ ಹೊಣೆ ಹೊತ್ತ ಯಾರನ್ನೂ ಬಿಡುವುದಿಲ್ಲ. ಆದರೂ ನನ್ನ ವಾದ ಕಾನೂನಿನದ್ದಲ್ಲ. ಎಂಟೂವರೆಗೆ ಶಾಲೆಗೆ ಹೋದರೆ ಹೊಡೆಯಬಾರದ ಅದೇ ಮಗುವಿಗೆ ಏಳು ಗಂಟೆಗೆ ನಮ್ಮಲ್ಲಿ ಹೊಡೆಯಬಹುದು ಎಂದಾದರೆ, ಮಗು ಯಾವುದನ್ನು ಪ್ರೀತಿಸಲು ಕಲಿಯುತ್ತದೆ?

ಈಗ ನನ್ನ ಕ್ಲಾಸಿನಲ್ಲಿ ಏನು ಬದಲಾಗಿದೆ ಎಂದು ಸ್ವಲ್ಪ ಹೇಳುತ್ತೇನೆ. ದೊಡ್ಡದೇನಿಲ್ಲ. ಹಿಂದಿನ ಬೆಂಚಿನವನನ್ನು ಮುಂದೆ, ನನ್ನ ಕೈಗೆ ಸಿಗುವ ಕಡೆ, ಕಿಟಕಿಗೆ ಬೆನ್ನು ಮಾಡಿ ಕೂರಿಸಿದೆ. ಶಿಕ್ಷೆಯ ಜಾಗ ಎಂದು ಅನಿಸಬಾರದು ಅಂತ ಅವನ ಪಕ್ಕದಲ್ಲಿ ಶಾಂತ ಸ್ವಭಾವದ ಒಬ್ಬ ಗೆಳೆಯನನ್ನೂ ಕೂರಿಸಿದೆ. ಒಂದು ಪುಟದ ಪಾಠವನ್ನು ಮೂರು ತುಂಡು ಮಾಡುತ್ತೇನೆ, ಒಂದೊಂದು ತುಂಡಿಗೆ ಒಂದೊಂದು ಸಲ ಎದ್ದು ಬಂದು ಒಪ್ಪಿಸಬೇಕು. ಬರುವುದು, ಹೋಗುವುದು, ಅದೇ ಅವನಿಗೆ ಬೇಕಾದ ಓಡಾಟ. ನಿಂತು ಓದುತ್ತೇನೆ ಎಂದರೆ ನಿಲ್ಲಲಿ. ಬೆಲ್ ಹೊಡೆಯುವುದು, ಬೋರ್ಡ್ ಒರೆಸುವುದು, ಮುಸ್‌ಹಫ್ ಹಂಚುವುದು ಇವನ ಕೆಲಸ. "ಕಿತಾಬು ತೆಗೆ, ಹದಿನೆಂಟನೇ ಪುಟ ನೋಡು, ಮೂರನೇ ಪ್ರಶ್ನೆ ಬರೆ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಈಗ ಒಂದು ಮುಗಿದ ಮೇಲೆ ಇನ್ನೊಂದು. ಹೇಳುವ ಮೊದಲು ಹೆಗಲಿಗೆ ಕೈ ಇಡುತ್ತೇನೆ, ಕಣ್ಣು ನನ್ನ ಕಡೆ ಬಂದ ಮೇಲೆ ಮಾತು. ವುಝೂವಿನ ಕ್ರಮವನ್ನು ಚಿತ್ರ ಬರೆಸಿ ನಳ್ಳಿಯ ಮೇಲೆ ಅಂಟಿಸಿದ್ದೇವೆ. ಅದು ಒಬ್ಬನಿಗಾಗಿ ಮಾಡಿದ್ದು, ಉಪಯೋಗ ಎಲ್ಲ ಮಕ್ಕಳಿಗೂ ಆಯಿತು. ಸರಿ ಮಾಡಿದ್ದನ್ನು ಆ ಕ್ಷಣವೇ ಹೇಳಬೇಕು. ವಾರದ ಕೊನೆಗೆ ಬಹುಮಾನ ಎಂದರೆ ಈ ಮಕ್ಕಳಿಗೆ ಅದು ಕಿಯಾಮತ್ ದಿನದಷ್ಟು ದೂರ.

ಇನ್ನೊಂದು ಉಂಟು. ಮದ್ರಸದ ವಾಟ್ಸಾಪ್ ಗ್ರೂಪಿನಲ್ಲಿ ಮಕ್ಕಳ ಹೆಸರು ಹಾಕಿ ದೂರು ಬರೆಯುವ ಅಭ್ಯಾಸ ನಮ್ಮಲ್ಲಿ ಶುರುವಾಗಿದೆ. ದಯವಿಟ್ಟು ಅದನ್ನು ಬಿಡಬೇಕು. ಉಪ್ಪ ದಮಾಮಿನಲ್ಲೋ ದುಬೈಯಲ್ಲೋ ಕೂತು ಅದನ್ನು ಓದುತ್ತಾರೆ, ರಾತ್ರಿ ಫೋನಿನಲ್ಲಿ ಬೈಗುಳ ಬೀಳುವುದು ಉಮ್ಮನಿಗೆ, ಉಮ್ಮನ ಕೈ ಬೀಳುವುದು ಮಗುವಿಗೆ. ನಾನು ಈಗ ತಂಗಿಗೂ ಇನ್ನೆರಡು ತಾಯಂದಿರಿಗೂ ವಾರಕ್ಕೆ ಎರಡು ಸಲ ಒಂದು ಸಣ್ಣ ವಾಯ್ಸ್ ಕಳಿಸುತ್ತೇನೆ, ಅದರಲ್ಲಿ ಮಗು ಮಾಡಿದ ಒಂದು ಒಳ್ಳೆಯ ಕೆಲಸ ಮಾತ್ರ. ಒಬ್ಬ ತಾಯಿ ಮೊದಲ ಸಲ ಅದನ್ನು ಕೇಳಿ "ಇದು ನನ್ನ ಮಗನದ್ದೇ ಅಲ್ವಾ ಉಸ್ತಾದ್, ತಪ್ಪಿ ಬಂದದ್ದಲ್ಲ ಅಲ್ಲ?" ಎಂದು ತಿರುಗಿ ಕೇಳಿದ್ದರು.

ನೂಲು, ಮಂತ್ರಿಸಿದ ನೀರು, ಕಣ್ಣು ತಾಗಿದ್ದು, ಜಿನ್ನ್ ಉಪದ್ರ ಎಂದು ವರ್ಷಗಟ್ಟಲೆ ಅಲೆಯುವವರಿಗೆ ಹೇಳುವುದೇನೆಂದರೆ, ದುಆ ಮಾಡಿಸಬೇಡಿ ಎಂದು ಒಬ್ಬ ಉಸ್ತಾದ್ ಆಗಿ ನಾನು ಹೇಳಲಾರೆ. ಚಿಕಿತ್ಸೆ ಮಾಡಿ ಎಂದು ಹೇಳಿದ್ದೂ ಪ್ರವಾದಿಯವರೇ. ದುಆ ಮಾಡಿಸಿ, ಡಾಕ್ಟರಲ್ಲಿಗೂ ಹೋಗಿ. ಹಣ ಇಲ್ಲ ಎನ್ನುವವರು ಗಮನಿಸಬೇಕು. ಸರಕಾರಿ ಮತ್ತು ಅನುದಾನಿತ ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಉಂಟು. ಅದರ ಪಟ್ಟಿಯ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಒಂದು. ಮುಂದಿನ ತಪಾಸಣೆ, ಚಿಕಿತ್ಸೆಗೆ ದಾರಿಯೂ ಅದರಲ್ಲಿಯೇ ಇದೆ. ಶಾಲೆಯ ಟೀಚರಲ್ಲಿ ಕೇಳಿ. ಏನೂ ಗೊತ್ತಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಹಣ ಬೇಡ, ಕನ್ನಡದಲ್ಲಿಯೇ ಮಾತಾಡಬಹುದು.

ಮಾತ್ರೆ ಎಂದ ಕೂಡಲೇ "ಮಗು ಮಂಕಾಗುತ್ತದೆ, ಚಟ ಹಿಡಿಯುತ್ತದೆ" ಎಂಬ ಹೆದರಿಕೆ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ. ಆರು ವರ್ಷಕ್ಕಿಂತ ಸಣ್ಣವರಿಗಂತೂ ಮೊದಲು ತಂದೆತಾಯಿಗೆ ತರಬೇತಿ, ಮತ್ತೆ ಉಳಿದದ್ದು. ಬೇಕಾದವರಿಗೆ ಹೆಚ್ಚಾಗಿ ಕೊಡುವುದು ಮಿಥೈಲ್‌ಫೆನಿಡೇಟ್, ಡಾಕ್ಟರ ಚೀಟಿ ಇಲ್ಲದೆ ಅದು ಸಿಗುವಂಥದ್ದಲ್ಲ. ಹಸಿವು, ನಿದ್ದೆ ಕಡಿಮೆಯಾಗುವುದುಂಟು, ಅದಕ್ಕೇ ತೂಕ, ಎತ್ತರ ನೋಡುತ್ತಾ ಪ್ರಮಾಣ ಸರಿಮಾಡುತ್ತಾರೆ. ಪಕ್ಕದ ಮನೆಯವರ ಮಾತು ಕೇಳಿ ಅರ್ಧದಲ್ಲಿ ನಿಲ್ಲಿಸಬೇಡಿ. ರಂಝಾನಿನಲ್ಲಿ ಉಪವಾಸ ಹಿಡಿಯುವ ಮಗುವಾದರೆ ತಿಂಗಳು ಕಾಣುವ ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಹೊತ್ತಿನ ಬಗ್ಗೆ ಕೇಳಿ.

ಜಮಾಅತ್ ಕಮಿಟಿಯವರಿಗೂ ಒಂದು ಮಾತು, ಬೇಸರಿಸಬೇಡಿ. ಮುಅಲ್ಲಿಮನಿಗೆ ಮೂವತ್ತೆಂಟು ಮಕ್ಕಳನ್ನು ಕೊಟ್ಟು, ಮನೆ ಬಾಡಿಗೆಗೂ ಸಾಲದ ಸಂಬಳ ಕೊಟ್ಟು, ವರ್ಷದ ಕೊನೆಗೆ "ಎಷ್ಟು ಡಿಸ್ಟಿಂಕ್ಷನ್?" ಎಂದು ಮಾತ್ರ ಕೇಳಿದರೆ ಹಿಂದೆ ಬಿದ್ದವನು ಅವನಿಗೆ ಹೊರೆಯಾಗಿಯೇ ಕಾಣುತ್ತಾನೆ. ನನಗೂ ಹಾಗೆಯೇ ಕಂಡದ್ದು. ಮೀಲಾದಿನ ಸ್ಟೇಜಿಗೂ ಲೈಟಿಗೂ ಖರ್ಚು ಮಾಡುವಾಗ ಅದರಲ್ಲಿ ಒಂದು ಪಾಲು ತೆಗೆದಿಟ್ಟು ವರ್ಷಕ್ಕೊಮ್ಮೆ ಒಬ್ಬ ಮಕ್ಕಳ ಮನೋವೈದ್ಯರನ್ನು ಕರೆಸಿ ರೇಂಜಿನ ಎಲ್ಲ ಉಸ್ತಾದರನ್ನು ಕೂರಿಸಿದರೆ ಸಾಕು. ಮತ್ತೆ, ಪಳ್ಳಿಯ ಮೊದಲ ಸಫಿನ ಹಿರಿಯರು. ಅಲ್ಲಾಡುವ ಮಗುವನ್ನು ಕಿವಿ ಹಿಡಿದು ಹೊರಗೆ ಕಳಿಸುವಾಗ, ಸುಜೂದಿನಲ್ಲಿ ಬೆನ್ನೇರಿದ ಮೊಮ್ಮಗ ತಾನಾಗಿ ಇಳಿಯುವವರೆಗೆ ಸುಜೂದನ್ನು ಉದ್ದ ಮಾಡಿದವರು ಯಾರು ಎಂದು ಒಮ್ಮೆ ನೆನಪಿಸಿಕೊಳ್ಳಲಿ.

ಆ ಯುವಕನಿಗೆ ಎಡಿಎಚ್‌ಡಿ ಇತ್ತೋ ಇಲ್ಲವೋ, ಈಗಲೂ ಇದೆಯೋ, ನಾನು ಹೇಳುವವನಲ್ಲ. ಡಾಕ್ಟರಿಗೆ ತೋರಿಸು ಎಂದಿದ್ದೇನೆ, ಕೆಲಸ ಬಿಟ್ಟು ಹೋಗಲು ಪುರುಸೊತ್ತು ಸಿಗಲಿಲ್ಲವಂತೆ. ಅವನು ಲಾರಿಯಲ್ಲಿ ಕೆಲಸ ಮಾಡುತ್ತಾನೆ. ಉಪ್ಪನ ನಲವತ್ತಾಗುವ ಮೊದಲು ನನಗೆ ಫೋನ್ ಬಂತು. "ಯಾಸೀನ್ ಕಲಿಸ್ತೀರಾ ಉಸ್ತಾದೇ? ಪೆಟ್ಟು ಕೊಟ್ಟರೂ ತೊಂದರೆ ಇಲ್ಲ." ಎರಡನೆಯ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಈಗ ವಾರಕ್ಕೆ ಮೂರು ರಾತ್ರಿ ಇಶಾ ಕಳೆದು ಬರುತ್ತಾನೆ. ಒಂದು ಸಲಕ್ಕೆ ಎರಡೇ ಆಯತ್. ಪಳ್ಳಿಯ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ ಬಾಯಿಪಾಠ ಮಾಡುತ್ತಾನೆ, ನಾನು ಮೆಟ್ಟಿಲಲ್ಲಿ ಕೂತು ಕೇಳುತ್ತೇನೆ. ಲಾರಿಯಲ್ಲಿ ಹೋಗುವಾಗ ನನ್ನದೇ ಸ್ವರದಲ್ಲಿ ಕಳಿಸಿದ ವಾಯ್ಸ್ ಹಾಕಿಕೊಳ್ಳುತ್ತಾನಂತೆ. ಉಪ್ಪನ ನಲವತ್ತಕ್ಕೆ ಮುಗಿಯಲಿಲ್ಲ. ಎಂಬತ್ತಮೂರು ಆಯತ್‌ಗಳಲ್ಲಿ ನಲವತ್ತೊಂದರವರೆಗೆ ಬಂದಿದ್ದೇವೆ. ಮೊನ್ನೆ ಮಂಗಳವಾರ ಇಪ್ಪತ್ತು ಮರೆತುಹೋಗಿತ್ತು, ಪುನಃ ಹಿಡಿದೆವು.